ಥಿಯೋಬ್ರೋಮಿನ್: ಕೊಕ್ಕೋ ಬೀಜದ ಸಸ್ಯಕ್ಷಾರ, ಕಾಯಿಲೆಗಳ ಮೇಲೆ ಅದರ ಪರಿಣಾಮ

ಥಿಯೋಬ್ರೋಮಿನ್ ಕೊಕ್ಕೋ ಬೀಜದಲ್ಲಿರುವ ಮುಖ್ಯ ಸಸ್ಯಕ್ಷಾರ, ಎಂದರೆ ಆಲ್ಕಲಾಯ್ಡ್. ಕಾಫಿಯ ಕೆಫೀನ್ ಮತ್ತು ಉಬ್ಬಸದ ಔಷಧಿಯಾದ ಥಿಯೋಫಿಲಿನ್ ಇದರ ಹತ್ತಿರದ ಬಂಧುಗಳು; ಮೂರೂ ಮೀಥೈಲ್‌ಕ್ಸಾಂಥಿನ್ ಗುಂಪಿಗೆ ಸೇರುತ್ತವೆ. ಚಾಕೊಲೇಟಿನ ಕಹಿಯಲ್ಲಿ ಇದರ ಪಾಲು ದೊಡ್ಡದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ಮೈಬಾವು ಇಳಿಸುವ ಮೂತ್ರವರ್ಧಕವಾಗಿ ಬಳಸುತ್ತಿದ್ದರು. ಕಳೆದ ಎರಡು ದಶಕಗಳಲ್ಲಿ ಕೆಮ್ಮು, ಕೊಲೆಸ್ಟರಾಲ್, ರಕ್ತದೊತ್ತಡ, ಮೂತ್ರದ ಕಲ್ಲು, ಹಲ್ಲಿನ ಹುಳುಕು ಮುಂತಾದವುಗಳ ಮೇಲೆ ಇದರ ಪರಿಣಾಮವನ್ನು ಮತ್ತೆ ಪರೀಕ್ಷಿಸಲಾಗಿದೆ.

ಕರ್ನಾಟಕದ ಕರಾವಳಿಗೆ ಈ ವಸ್ತುವಿನೊಡನೆ ಎರಡು ನಂಟುಗಳಿವೆ. ಕಾರ್ಕಳದ ಘಟ್ಟದ ಬುಡದಿಂದ ಪುತ್ತೂರು, ಸುಳ್ಯ, ಕಾಸರಗೋಡಿನವರೆಗಿನ ಅಡಿಕೆ ತೋಟಗಳಲ್ಲಿ ಕೊಕ್ಕೋ ಉಪಬೆಳೆ. ಎರಡನೆಯ ನಂಟು ಅಷ್ಟಾಗಿ ಜನರಿಗೆ ತಿಳಿದಿಲ್ಲ: ಅಡಿಕೆ ಜಗಿಯುವುದರಿಂದ ಬರುವ ಬಾಯಿಯ ಕಾಯಿಲೆಗೆ ಪೂರಕವಾಗಿ ಕೊಡುವ ಔಷಧಿಗಳಲ್ಲಿ ಒಂದು ಥಿಯೋಬ್ರೋಮಿನ್‌ನಿಂದಲೇ ಹುಟ್ಟಿದ್ದು.

ಹೆಸರು ಮತ್ತು ಶೋಧ

ಕಾರ್ಲ್ ಲಿನೇಯಸ್ 1753ರಲ್ಲಿ ಕೊಕ್ಕೋ ಮರಕ್ಕೆ ಥಿಯೋಬ್ರೋಮ ಕಕಾವೊ ಎಂಬ ಶಾಸ್ತ್ರೀಯ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಥಿಯೋಸ್ ಎಂದರೆ ದೇವರು, ಬ್ರೋಮ ಎಂದರೆ ಆಹಾರ. ಸಸ್ಯಕ್ಷಾರದ ಹೆಸರು ಈ ಮರದ ಹೆಸರಿನಿಂದಲೇ ಬಂತು. ಬ್ರೋಮಿನ್ ಎಂಬ ಮೂಲಧಾತುವಿಗೂ ಇದಕ್ಕೂ ಸಂಬಂಧವಿಲ್ಲ. ರಷ್ಯದ ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ವೊಸ್ಕ್ರೆಸೆನ್‌ಸ್ಕಿ 1841ರಲ್ಲಿ ಕೊಕ್ಕೋ ಬೀಜದಿಂದ ಇದನ್ನು ಬೇರ್ಪಡಿಸಿದ. ಮೂಲಧಾತುಗಳ ಆವರ್ತಕ ಕೋಷ್ಟಕ ರಚಿಸಿದ ಮೆಂಡಲೀವ್ ಈತನ ಶಿಷ್ಯ. ಜರ್ಮನಿಯ ಎಮಿಲ್ ಫಿಷರ್ 1882ರಲ್ಲಿ ಕ್ಸಾಂಥಿನ್‌ನಿಂದ ಥಿಯೋಬ್ರೋಮಿನ್ ತಯಾರಿಸಿದ. ಸಕ್ಕರೆಗಳ ಮತ್ತು ಈ ಬಗೆಯ ಪ್ಯೂರಿನ್‌ಗಳ ಸಂಶ್ಲೇಷಣೆಗಾಗಿ 1902ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಪ್ರಾಚೀನ ಮಡಕೆಗಳಲ್ಲಿ ಕೊಕ್ಕೋ ಇತ್ತೇ ಎಂದು ತಿಳಿಯಲು ಪುರಾತತ್ವಜ್ಞರು ಹುಡುಕುವುದು ಥಿಯೋಬ್ರೋಮಿನ್‌ನ ಕುರುಹನ್ನೇ. ಭಾರತಕ್ಕೆ ಈ ಗಿಡವನ್ನು ಈಸ್ಟ್ ಇಂಡಿಯಾ ಕಂಪನಿ 1798ರಲ್ಲಿ ತಮಿಳುನಾಡಿನ ಕುಟ್ರಾಲಂಗೆ ತಂದಿತು. ಹಾಗಾಗಿ ಚರಕ, ಸುಶ್ರುತರ ಸಂಹಿತೆಗಳಲ್ಲಾಗಲಿ ನಮ್ಮ ನಾಟಿ ವೈದ್ಯದಲ್ಲಾಗಲಿ ಕೊಕ್ಕೋಗೆ ಸ್ಥಾನವಿಲ್ಲ. ಅದರ ಗುಣಾವಗುಣಗಳನ್ನು ನಾವು ಹೊಸ ಪರೀಕ್ಷೆಗಳಿಂದಲೇ ಅರಿಯಬೇಕು.

ರಾಸಾಯನಿಕ ಸ್ವರೂಪ

ಥಿಯೋಬ್ರೋಮಿನ್ ಬಿಳಿಯ, ಕಹಿಯಾದ, ಹರಳಿನಂಥ ಪುಡಿ; ನೀರಿನಲ್ಲಿ ತೀರ ಕಡಿಮೆ ಕರಗುತ್ತದೆ. ಅದರ ಅಣುವಿನಲ್ಲಿ 7 ಇಂಗಾಲ, 8 ಜಲಜನಕ, 4 ಸಾರಜನಕ ಮತ್ತು 2 ಆಮ್ಲಜನಕ ಪರಮಾಣುಗಳಿವೆ. ಕ್ಸಾಂಥಿನ್ ಎಂಬ ಜೋಡಿ ಉಂಗುರದ 3 ಮತ್ತು 7ನೆಯ ಸ್ಥಾನಗಳಲ್ಲಿ ಒಂದೊಂದು ಮೀಥೈಲ್ ಗುಂಪು ಕೂತರೆ ಥಿಯೋಬ್ರೋಮಿನ್. 1 ಮತ್ತು 3ರಲ್ಲಿ ಕೂತರೆ ಥಿಯೋಫಿಲಿನ್. 1, 3, 7 ಮೂರರಲ್ಲೂ ಕೂತರೆ ಕೆಫೀನ್. ಒಂದು ಮೀಥೈಲ್ ಗುಂಪು ಜಾಗ ಬದಲಿಸಿದ ಮಾತ್ರಕ್ಕೆ ಒಂದು ಅಣು ಉಬ್ಬಸದ ಗುಳಿಗೆಯಾಗುತ್ತದೆ, ಇನ್ನೊಂದು ಚಾಕೊಲೇಟಿನ ಕಹಿಯಾಗಿ ಉಳಿಯುತ್ತದೆ.

ಕೊಕ್ಕೋ ಪುಡಿಯಲ್ಲಿ ಥಿಯೋಬ್ರೋಮಿನ್ ಸುಮಾರು ಶೇ. 2ರಷ್ಟಿದೆ. ಎಂದರೆ 5 ಗ್ರಾಮಿನ ಒಂದು ಚಮಚ ಪುಡಿಯಲ್ಲಿ ಸುಮಾರು 100 ಮಿಲಿಗ್ರಾಂ. ಕಪ್ಪು ಚಾಕೊಲೇಟಿನ ಒಂದು ಗ್ರಾಮಿನಲ್ಲಿ ಸುಮಾರು 8ರಿಂದ 10 ಮಿಲಿಗ್ರಾಂ, ಹಾಲಿನ ಚಾಕೊಲೇಟಿನಲ್ಲಿ ಸಾಮಾನ್ಯವಾಗಿ ಒಂದೆರಡು ಮಿಲಿಗ್ರಾಂ. ಬಿಳಿ ಚಾಕೊಲೇಟಿನಲ್ಲಿ ಇರುವುದು ಕೊಕ್ಕೋ ಬೆಣ್ಣೆ ಮಾತ್ರ. ಅಲ್ಲಿ ಈ ಸಸ್ಯಕ್ಷಾರ ಇಲ್ಲವೆನ್ನುವಷ್ಟು ಕಡಿಮೆ. ಮುಂದೆ ಹೇಳುವ ಪ್ರತಿಯೊಂದು ಪ್ರಯೋಗವನ್ನೂ ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು.

ಕರಾವಳಿಯ ಕೊಕ್ಕೋ

ಉಡುಪಿ ಜಿಲ್ಲೆಯ ಪಡುವಣದಲ್ಲಿರುವ ಕಾಪು ಕಡಲತಡಿಯ ಮರಳುಮಣ್ಣಿನ ತೆಂಗಿನ ಸೀಮೆ. ಮೂಡಣ ಕಾರ್ಕಳದಲ್ಲಿ ಘಟ್ಟದ ನೆರಳು, ತೋಡಿನ ನೀರು, ಅಡಿಕೆ ತೋಟ. ಅಡಿಕೆಯ ಸಾಲುಗಳ ನಡುವೆ ಬೀಳುವ ಅರೆನೆರಳು ಕೊಕ್ಕೋಗೆ ಒಗ್ಗುತ್ತದೆ. ಅಡಿಕೆಗೆ ಹಾಯಿಸಿದ ನೀರು ಇದಕ್ಕೂ ಸಿಗುತ್ತದೆ, ಉದುರಿದ ಕೊಕ್ಕೋ ಎಲೆ ತೋಟಕ್ಕೆ ಹೊದಿಕೆಯಾಗುತ್ತದೆ. ವಿಟ್ಲದಲ್ಲಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರ ಅಡಿಕೆಯ ಜೊತೆಗೆ ಕೊಕ್ಕೋ ತಳಿಗಳ ಮೇಲೂ ದಶಕಗಳಿಂದ ಕೆಲಸ ಮಾಡಿದೆ. ಸಂಸ್ಥೆಯ ಮುಖ್ಯ ಕಚೇರಿ ಕಾಸರಗೋಡಿನಲ್ಲಿದೆ.

1970ರ ದಶಕದಲ್ಲಿ ಹಬ್ಬಿದ ಬೆಳೆ 1980ರ ಹೊತ್ತಿಗೆ ದರ ಕುಸಿದು ಕೊಳ್ಳುವವರಿಲ್ಲದಂತಾಯಿತು. ಆಗ ನೆರವಿಗೆ ಬಂದದ್ದು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. ಅದು ಕೊಕ್ಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭಿಸಿತು. ಹಸಿ ಬೀಜ, ಒಣ ಬೀಜ ಎಂಬ ಎರಡು ದರಗಳು ಇಂದಿಗೂ ಈ ಭಾಗದ ಪತ್ರಿಕೆಗಳ ಮಾರುಕಟ್ಟೆ ಅಂಕಣದಲ್ಲಿ ಅಡಿಕೆಯ ಜೊತೆಗೇ ಬರುತ್ತವೆ.

ಥಿಯೋಬ್ರೋಮಿನ್ ಗಿಡಕ್ಕೆ ಏನು ಉಪಕಾರ ಮಾಡುತ್ತದೆ ಎಂಬುದನ್ನು ತೋಟದಲ್ಲೇ ನೋಡಬಹುದು. ಮಂಗ ಕೊಕ್ಕೋ ಹಣ್ಣನ್ನು ಒಡೆದು ಬೀಜದ ಸುತ್ತಲಿನ ಸಿಹಿ ಲೋಳೆಯನ್ನು ಚೀಪಿ, ಕಹಿ ಬೀಜವನ್ನು ಉಗಿದು ಹೋಗುತ್ತದೆ. ಬೀಜ ಹಾಳಾಗದೆ ಇನ್ನೊಂದು ಕಡೆ ಬೀಳುತ್ತದೆ. ಕೊಯ್ದ ಬೀಜವನ್ನು ಪೆಟ್ಟಿಗೆಯಲ್ಲೋ ಬುಟ್ಟಿಯಲ್ಲೋ 5-6 ದಿನ ಹುದುಗಲು ಬಿಟ್ಟಾಗ ಒಳಗಿನ ಬಿಸಿ ಏರಿ ಮೊಳಕೆ ಸಾಯುತ್ತದೆ, ನೇರಳೆ ಬಣ್ಣ ಕಂದಾಗುತ್ತದೆ, ಥಿಯೋಬ್ರೋಮಿನ್‌ನ ಒಂದಷ್ಟು ಪಾಲು ತಿರುಳಿನಿಂದ ಬೀಜದ ಹೊರಸಿಪ್ಪೆಗೆ ಸರಿಯುತ್ತದೆ. ಬೀಜದ ಕಹಿ ಇಳಿಯಲು ಇದೂ ಒಂದು ಕಾರಣ.

ದೇಹದೊಳಗೆ

ತಿಂದ ಒಂದೆರಡು ಗಂಟೆಗಳಲ್ಲಿ ಥಿಯೋಬ್ರೋಮಿನ್ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಅದರ ಅರ್ಧ ಭಾಗ ಕರಗಿ ಹೋಗಲು ಮನುಷ್ಯರಲ್ಲಿ ಸುಮಾರು 6ರಿಂದ 10 ಗಂಟೆ ಬೇಕು. ಯಕೃತ್ತು ಅದನ್ನು ಮೀಥೈಲ್‌ಕ್ಸಾಂಥಿನ್ ಮತ್ತು ಮೀಥೈಲ್‌ಯೂರಿಕ್ ಆಮ್ಲಗಳಾಗಿ ಒಡೆದು ಮೂತ್ರದ ಮೂಲಕ ಹೊರಹಾಕುತ್ತದೆ.

ಚಾಕೊಲೇಟ್ ಮುಟ್ಟದವರ ಮೈಯಲ್ಲೂ ಥಿಯೋಬ್ರೋಮಿನ್ ಇರಬಹುದು. ಕಾಫಿಯ ಕೆಫೀನನ್ನು ಯಕೃತ್ತು ಒಡೆಯುವಾಗ ಅದರಲ್ಲಿ ಸುಮಾರು ಶೇ. 12ರಷ್ಟು ಥಿಯೋಬ್ರೋಮಿನ್ ಆಗುತ್ತದೆ. ಉಡುಪಿಯ ಹೋಟೆಲಿನಲ್ಲಿ ಬೆಳಗ್ಗೆ ಕುಡಿದ ಲೋಟ ಕಾಫಿಯಲ್ಲಿ 100 ಮಿಲಿಗ್ರಾಂ ಕೆಫೀನ್ ಇದ್ದರೆ, ಸಂಜೆಯೊಳಗೆ ಅದರಿಂದ ಹತ್ತು ಮಿಲಿಗ್ರಾಮಿನಷ್ಟು ಥಿಯೋಬ್ರೋಮಿನ್ ಹುಟ್ಟಿರುತ್ತದೆ.

ಇದರ ಕೆಲಸದ ಬಗೆ ಎರಡು. ಜೀವಕೋಶಗಳ ಮೇಲೆ ಅಡೆನೊಸಿನ್ ಎಂಬ, ದೇಹವನ್ನು ಮಂದಗೊಳಿಸುವ ವಸ್ತು ಬಂದು ಕೂರುವ ತಾಣಗಳಿವೆ. ಥಿಯೋಬ್ರೋಮಿನ್ ಆ ತಾಣಗಳನ್ನು ಆಕ್ರಮಿಸುತ್ತದೆ. ಫಾಸ್ಫೊಡೈಎಸ್ಟರೇಸ್ ಎಂಬ ಕಿಣ್ವವನ್ನೂ ಅದು ತಡೆಯುತ್ತದೆ. ಆಗ ಜೀವಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂಕೇತವಾಹಕ ಅಣು ಹೆಚ್ಚಿ ನುಣುಪು ಸ್ನಾಯುಗಳು ಸಡಿಲುತ್ತವೆ. ಇದರಿಂದ ಶ್ವಾಸನಾಳ ಹಿಗ್ಗುತ್ತದೆ, ರಕ್ತನಾಳ ಸಡಿಲುತ್ತದೆ, ಮೂತ್ರ ಹೆಚ್ಚುತ್ತದೆ. ಎರಡೂ ಕೆಲಸಗಳಲ್ಲಿ ಥಿಯೋಬ್ರೋಮಿನ್ ತನ್ನ ಬಂಧುಗಳಿಗಿಂತ ಮೆತ್ತಗೆ. ಮಿದುಳಿನ ಮೇಲೆ ಅದರ ಪ್ರಭಾವ ಕೆಫೀನಿಗಿಂತ ಬಹಳ ಕಡಿಮೆ; ಹಾಗಾಗಿ ನಿದ್ದೆಯನ್ನೂ ಅಷ್ಟಾಗಿ ಕೆಡಿಸುವುದಿಲ್ಲ.

ಉಸಿರಾಟ ಮತ್ತು ಕೆಮ್ಮು

ಉಬ್ಬಸದ ರೋಗಿಗಳಿಗೆ ಪರಿಚಿತವಾದ ಡೆರಿಫಿಲಿನ್ ಗುಳಿಗೆಯಲ್ಲಿರುವುದು ಥಿಯೋಫಿಲಿನ್ ಮತ್ತು ಅದರ ಒಂದು ರೂಪಾಂತರ. ಥಿಯೋಬ್ರೋಮಿನ್ ಕೂಡ ಶ್ವಾಸನಾಳವನ್ನು ಹಿಗ್ಗಿಸಬಲ್ಲದು ಎಂದು 1985ರಲ್ಲಿ ಕೆನಡಾದ ವೈದ್ಯರು ಉಬ್ಬಸವಿದ್ದ ಎಳೆಯರಲ್ಲಿ ತೋರಿಸಿದರು. ಆದರೆ ಅದಕ್ಕೆ ಬೇಕಾದ ಪ್ರಮಾಣ ದೊಡ್ಡದು, ಇನ್‌ಹೇಲರ್ ಔಷಧಿಗಳ ಮುಂದೆ ಪರಿಣಾಮ ಸಣ್ಣದು.

ಹೆಚ್ಚು ಕುತೂಹಲ ಹುಟ್ಟಿಸಿದ್ದು 2005ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಒಮರ್ ಉಸ್ಮಾನಿ ಮತ್ತು ಸಂಗಡಿಗರ ಅಧ್ಯಯನ. ಮೆಣಸಿನ ಖಾರದ ಸಾರವಾದ ಕ್ಯಾಪ್ಸೈಸಿನ್ನನ್ನು ಉಸಿರಿನಲ್ಲಿ ಕೊಟ್ಟು 10 ಮಂದಿ ಆರೋಗ್ಯವಂತರಲ್ಲಿ ಕೆಮ್ಮು ಬರಿಸಲಾಯಿತು. 1,000 ಮಿಲಿಗ್ರಾಂ ಥಿಯೋಬ್ರೋಮಿನ್ ತೆಗೆದುಕೊಂಡಾಗ ಕೆಮ್ಮು ಬರಲು ಸುಮಾರು ಮೂರನೆಯ ಒಂದು ಪಾಲು ಹೆಚ್ಚು ಕ್ಯಾಪ್ಸೈಸಿನ್ ಬೇಕಾಯಿತು. ಕೆಮ್ಮಿನ ಸುದ್ದಿಯನ್ನು ಮಿದುಳಿಗೆ ಒಯ್ಯುವ ವೇಗಸ್ ನರದ ಕೆರಳಿಕೆಯನ್ನು ಈ ಸಸ್ಯಕ್ಷಾರ ತಗ್ಗಿಸುತ್ತದೆ ಎಂದು ನರದ ತುಣುಕುಗಳ ಮೇಲಿನ ಪ್ರಯೋಗ ತೋರಿಸಿತು. ಕೊಡೀನ್‌ನಂತೆ ಮಂಪರು, ಮಲಬದ್ಧತೆ, ಚಟ ತರದ ಕೆಮ್ಮಿನ ಔಷಧಿ ಸಿಕ್ಕೀತು ಎಂಬ ಆಸೆ ಮೂಡಿತು.

ಆ ಆಸೆಯನ್ನು ಒರೆಗೆ ಹಚ್ಚಿದ್ದು ದೊಡ್ಡ ಪ್ರಯೋಗ. ಬಿಡದ ಕೆಮ್ಮಿನಿಂದ ಬಳಲುತ್ತಿದ್ದ 289 ಬ್ರಿಟಿಷ್ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆರಡು ಬಾರಿ 300 ಮಿಲಿಗ್ರಾಂ ಥಿಯೋಬ್ರೋಮಿನ್, ಉಳಿದವರಿಗೆ ಔಷಧಿಯಿಲ್ಲದ ಹುಸಿ ಗುಳಿಗೆ ಕೊಟ್ಟು ಹೋಲಿಸಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮುಖ್ಯ ಅಳತೆಯಾದ ಜೀವನಮಟ್ಟದ ಅಂಕಗಳಲ್ಲಿ ಎರಡು ಗುಂಪುಗಳ ನಡುವೆ ಖಚಿತ ವ್ಯತ್ಯಾಸ ಕಾಣಲಿಲ್ಲ.

ಹೃದಯ, ರಕ್ತದೊತ್ತಡ, ಕೊಲೆಸ್ಟರಾಲ್

ಹೃದಯ ಸೋತು ಕಾಲು ಬಾತುಕೊಂಡ ರೋಗಿಗಳಿಗೆ ನೂರು ವರ್ಷಗಳ ಹಿಂದೆ ಡಯೂರೆಟಿನ್ ಎಂಬ ಹೆಸರಿನಲ್ಲಿ ಥಿಯೋಬ್ರೋಮಿನ್ ಲವಣ ಕೊಡುತ್ತಿದ್ದರು. ಅದಕ್ಕಿಂತ ಬಲವಾದ ಮೂತ್ರವರ್ಧಕಗಳು ಬಂದಮೇಲೆ ಅದು ಮೂಲೆ ಸೇರಿತು.

2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ 42 ಮಂದಿಯ ಮೇಲೆ ನಡೆದ ಪ್ರಯೋಗ ರಕ್ತದೊತ್ತಡದ ಬಗ್ಗೆ ಇದ್ದ ಸರಳ ನಂಬಿಕೆಯನ್ನು ಅಲುಗಿಸಿತು. ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಥಿಯೋಬ್ರೋಮಿನ್ ಸೇರಿಸಿದ ಕೊಕ್ಕೋ ಕುಡಿದವರಲ್ಲಿ ದಿನವಿಡೀ ಅಳೆದ ಮೇಲಿನ ಒತ್ತಡ 3 ಅಂಕೆಯಷ್ಟು ಏರಿತು; ಹೃದಯದ ಬಳಿಯ ಮಹಾಧಮನಿಯ ಒತ್ತಡ ಮಾತ್ರ 4 ಅಂಕೆಯಷ್ಟು ಇಳಿಯಿತು. ಹಾಗಾಗಿ ಕೊಕ್ಕೋ ರಕ್ತದೊತ್ತಡ ಇಳಿಸುತ್ತದೆ ಎಂಬ ಮಾತಿಗೆ ಆಧಾರ ಥಿಯೋಬ್ರೋಮಿನ್ ಅಲ್ಲ, ಕೊಕ್ಕೋದಲ್ಲೇ ಇರುವ ಫ್ಲೇವನಾಲ್‌ಗಳು ಎಂಬ ಅಭಿಪ್ರಾಯ ಬಲಗೊಂಡಿತು.

ಕೊಲೆಸ್ಟರಾಲ್‌ನ ಕಥೆ ಇದಕ್ಕೆ ವಿರುದ್ಧವಾಗಿ ಆರಂಭವಾಯಿತು. 2013ರಲ್ಲಿ 152 ಮಂದಿಗೆ ನಾಲ್ಕು ವಾರ ಪಾನೀಯ ಕೊಟ್ಟು ನಡೆಸಿದ ಪರೀಕ್ಷೆಯಲ್ಲಿ, ದಿನಕ್ಕೆ 850 ಮಿಲಿಗ್ರಾಂ ಥಿಯೋಬ್ರೋಮಿನ್ ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಮಟ್ಟವನ್ನು ಹೆಚ್ಚಿಸಿತು. ಫ್ಲೇವನಾಲ್‌ಗಳಿಂದ ಆ ಪರಿಣಾಮ ಬರಲಿಲ್ಲ. ಆದರೆ ಮೈತೂಕ ಹೆಚ್ಚಿದ್ದವರಿಗೆ ದಿನಕ್ಕೆ 500 ಮಿಲಿಗ್ರಾಂ ಕೊಟ್ಟ ಮುಂದಿನ ಡಚ್ ಅಧ್ಯಯನದಲ್ಲಿ ಎಚ್‌ಡಿಎಲ್ ಏರಲಿಲ್ಲ.

ಮೂತ್ರದ ಕಲ್ಲು

ಸಸ್ಯಕ್ಷಾರದ ಅಣುರಚನೆಯೇ ಚಿಕಿತ್ಸೆಯ ದಾರಿ ತೋರಿಸಿದ ಉದಾಹರಣೆ ಇದು. ಯೂರಿಕ್ ಆಮ್ಲವೂ ಥಿಯೋಬ್ರೋಮಿನ್ನೂ ಒಂದೇ ಬಗೆಯ ಜೋಡಿ ಉಂಗುರದ ಅಣುಗಳು. ಯೂರಿಕ್ ಆಮ್ಲದ ಹರಳು ಬೆಳೆಯುವಾಗ ಅದರ ಮೈಯ ಮೇಲೆ ಥಿಯೋಬ್ರೋಮಿನ್ ಅಂಟಿಕೊಂಡರೆ ಮುಂದಿನ ಅಣುಗಳಿಗೆ ಸಾಲು ತಪ್ಪುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಸ್ಪೇನಿನ ಬಾಲಿಯಾರಿಕ್ ದ್ವೀಪಗಳ ವಿಶ್ವವಿದ್ಯಾಲಯದ ಫೆಲಿಕ್ಸ್ ಗ್ರಾಸೆಸ್ ಮತ್ತು ಸಂಗಡಿಗರು ಇದನ್ನು 2014ರಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಿದರು. ಕೊಕ್ಕೋ ತಿಂದ ಆರೋಗ್ಯವಂತರ ಮೂತ್ರದಲ್ಲಿ ಥಿಯೋಬ್ರೋಮಿನ್ ಹೆಚ್ಚಿ ಯೂರಿಕ್ ಆಮ್ಲ ಹರಳುಗಟ್ಟುವ ಅಪಾಯ ತಗ್ಗುತ್ತದೆ ಎಂದು ಅದೇ ತಂಡ ನಂತರ ಕಂಡಿತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮೂತ್ರದ ಕಲ್ಲುಗಳಲ್ಲಿ ಹೆಚ್ಚಿನವು ಯೂರಿಕ್ ಆಮ್ಲದವಲ್ಲ, ಕ್ಯಾಲ್ಸಿಯಂ ಆಕ್ಸಲೇಟಿನವು. ಕೊಕ್ಕೋದಲ್ಲಿ ಆಕ್ಸಲೇಟ್ ಧಾರಾಳವಾಗಿದೆ. ತನ್ನ ಕಲ್ಲು ಯಾವ ಬಗೆಯದೆಂದು ತಿಳಿಯದೆ ಚಾಕೊಲೇಟ್ ತಿಂದವರಿಗೆ ಉಪಕಾರಕ್ಕಿಂತ ಅಪಕಾರವೇ ಆದೀತು.

ಹಲ್ಲು, ಗರ್ಭ, ಮನಸ್ಸು

ಹಲ್ಲಿನ ಎನಾಮೆಲ್ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳಿಂದಾದದ್ದು. ಥಿಯೋಬ್ರೋಮಿನ್ ಇದ್ದಾಗ ಈ ಹರಳುಗಳು ದೊಡ್ಡದಾಗಿ ಬೆಳೆದು ಆಮ್ಲಕ್ಕೆ ಹೆಚ್ಚು ತಡೆ ಒಡ್ಡುತ್ತವೆ ಎಂಬ ಕಲ್ಪನೆಯ ಮೇಲೆ ಅಮೆರಿಕದಲ್ಲಿ ಟೂತ್‌ಪೇಸ್ಟ್ ಕೂಡ ಬಂದಿದೆ. ಟೆಕ್ಸಾಸ್‌ನ ಬೆನೆಟ್ ಅಮೇಚಿ ಮತ್ತು ಸಂಗಡಿಗರು 2013ರಲ್ಲಿ, ಕೃತಕವಾಗಿ ಸವೆಸಿದ ಎನಾಮೆಲ್ ಥಿಯೋಬ್ರೋಮಿನ್‌ನಿಂದ ಮತ್ತೆ ಗಟ್ಟಿಯಾಗುವುದನ್ನು ಅಳೆದರು. ಇವು ಬಹುಪಾಲು ಕಿತ್ತ ಹಲ್ಲುಗಳ ಮೇಲಿನ ಪರೀಕ್ಷೆಗಳು. ಬಾಯೊಳಗೆ ವರ್ಷಗಟ್ಟಲೆ ಹುಳುಕು ತಡೆದ ಪುರಾವೆ ಫ್ಲೋರೈಡಿಗೆ ಇರುವಷ್ಟು ಇದಕ್ಕೆ ಇಲ್ಲ. ಸಕ್ಕರೆ ಬೆರೆತ ಚಾಕೊಲೇಟಿಗಂತೂ ಈ ಗುಣವನ್ನು ಅಂಟಿಸುವಂತಿಲ್ಲ.

ಬಸುರಿಯರಿಗೆ ರಕ್ತದೊತ್ತಡ ಏರಿ ತಾಯಿ ಮಗು ಇಬ್ಬರಿಗೂ ಅಪಾಯ ತರುವ ಪ್ರಿಎಕ್ಲಾಂಪ್ಸಿಯಾದ ಬಗ್ಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ ವರದಿ ಮಾಡಿತು. 2,291 ಬಸುರಿಯರ ಅಧ್ಯಯನದಲ್ಲಿ, ಹೊಕ್ಕುಳಬಳ್ಳಿಯ ರಕ್ತದಲ್ಲಿ ಥಿಯೋಬ್ರೋಮಿನ್ ಹೆಚ್ಚಿದ್ದವರಲ್ಲಿ ಈ ಕಾಯಿಲೆ ಕಡಿಮೆ ಕಂಡಿತು. ಇದು ಜೊತೆಜೊತೆಗೆ ಕಂಡ ನಂಟು. ಒಂದು ಇನ್ನೊಂದಕ್ಕೆ ಕಾರಣವೆಂದು ಅದು ಸಾಬೀತುಮಾಡುವುದಿಲ್ಲ.

ಚಾಕೊಲೇಟ್ ಮನಸ್ಸನ್ನು ಹಗುರಾಗಿಸುತ್ತದೆ ಎಂಬ ಮಾತನ್ನು 2013ರಲ್ಲಿ 80 ಮಂದಿಯ ಮೇಲೆ ಪರೀಕ್ಷಿಸಲಾಯಿತು. 250 ಮಿಲಿಗ್ರಾಮಿನಲ್ಲಿ ಕಂಡೂ ಕಾಣದ ಹಿತ. 1,000 ಮಿಲಿಗ್ರಾಮಿನಲ್ಲಿ ಎದೆಬಡಿತ ಏರಿ ಅಹಿತ. ಚಾಕೊಲೇಟಿನ ಸುಖದಲ್ಲಿ ಈ ಸಸ್ಯಕ್ಷಾರದ ಪಾಲು ಕಿರಿದು.

ಅಡಿಕೆಯ ಬಾಯಿ ಮತ್ತು ಪೆಂಟಾಕ್ಸಿಫಿಲಿನ್

ಥಿಯೋಬ್ರೋಮಿನ್ ಅಣುವಿನ ಒಂದನೆಯ ಸ್ಥಾನ ಖಾಲಿ. ಅಲ್ಲಿಗೆ ಆರು ಇಂಗಾಲಗಳ ಒಂದು ಬಾಲ ಜೋಡಿಸಿದರೆ ಸಿಗುವುದು ಪೆಂಟಾಕ್ಸಿಫಿಲಿನ್. ಅದು ಕೆಂಪು ರಕ್ತಕಣಗಳನ್ನು ಹೆಚ್ಚು ಬಳುಕುವಂತೆ ಮಾಡಿ, ರಕ್ತದ ಮಂದತೆ ತಗ್ಗಿಸಿ, ಕಿರುನಾಳಗಳಲ್ಲಿ ಹರಿವನ್ನು ಸುಧಾರಿಸುತ್ತದೆ. ಉರಿಯೂತ ಹೆಚ್ಚಿಸುವ ಟಿಎನ್ಎಫ್ ಆಲ್ಫಾ ಎಂಬ ಪ್ರೋಟೀನನ್ನೂ ಅಡಗಿಸುತ್ತದೆ. ನಡೆದರೆ ಕಾಲಿನ ಮೀನಖಂಡ ನೋಯುವ ರಕ್ತನಾಳದ ಕಾಯಿಲೆಗೆ ಈ ಗುಳಿಗೆ 1980ರ ದಶಕದಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಕರಾವಳಿಗೆ ಇದು ಮುಖ್ಯವಾಗುವುದು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆಯಿಂದ. ಅಡಿಕೆಯನ್ನೋ ಅಡಿಕೆ ಬೆರೆತ ಗುಟ್ಕಾವನ್ನೋ ವರ್ಷಗಟ್ಟಲೆ ಜಗಿದವರಿಗೆ ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಮೈ ಬಿಳಿಚಿ, ನಾರುಪಟ್ಟಿಗಳು ಬಿಗಿದು, ಬಾಯಿ ತೆರೆಯಲು ಕಷ್ಟವಾಗುತ್ತದೆ; ಕೆಲವರಿಗೆ ತುತ್ತು ಇಡಲೂ ಆಗದು. ಅಡಿಕೆಯಲ್ಲಿರುವ ಅರಿಕೋಲಿನ್ ಎಂಬ ಸಸ್ಯಕ್ಷಾರ ಕೊಲಾಜನ್ ನಾರು ಹುಟ್ಟಿಸುವ ಜೀವಕೋಶಗಳನ್ನು ಪ್ರಚೋದಿಸುತ್ತದೆ, ಅದರ ಟ್ಯಾನಿನ್ ಮತ್ತು ತಾಮ್ರ ಆ ನಾರನ್ನು ಕರಗದಂತೆ ಬಿಗಿಗೊಳಿಸುತ್ತವೆ. ಈ ಬಾಯಿ ಮುಂದೆ ಕ್ಯಾನ್ಸರಿಗೆ ತಿರುಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2004ರಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದೇ ಸಂಸ್ಥೆ 1991ರಲ್ಲಿ ಥಿಯೋಬ್ರೋಮಿನ್ನನ್ನು ಪರಿಶೀಲಿಸಿ, ಕ್ಯಾನ್ಸರಿನ ವಿಷಯದಲ್ಲಿ ವರ್ಗೀಕರಿಸುವಷ್ಟು ಪುರಾವೆ ಇಲ್ಲವೆಂದು ಮೂರನೆಯ ಗುಂಪಿನಲ್ಲಿಟ್ಟಿತ್ತು.

ನಾರು ಕಟ್ಟಿದ ಕೆನ್ನೆಗೆ ರಕ್ತದ ಹರಿವು ಕಡಿಮೆ. ಹರಿವು ಹೆಚ್ಚಿಸುವ ಪೆಂಟಾಕ್ಸಿಫಿಲಿನ್ನನ್ನು ಇಲ್ಲಿ ಬಳಸುವ ಯೋಚನೆ ಹುಟ್ಟಿದ್ದು ಹಾಗೆ. 2006ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಸಣ್ಣ ಗುಂಪಿನ ರೋಗಿಗಳಿಗೆ 400 ಮಿಲಿಗ್ರಾಂ ಗುಳಿಗೆಯನ್ನು ದಿನಕ್ಕೆ ಮೂರರಂತೆ ಏಳು ತಿಂಗಳು ಕೊಟ್ಟಾಗ ಬಾಯಿ ತೆರೆಯುವಿಕೆ, ನಾಲಗೆ ಚಾಚುವಿಕೆ, ಉರಿ ಎಲ್ಲವೂ ಸುಧಾರಿಸಿದವು. ನಂತರ ದೇಶದ ಹಲವು ದಂತ ಕಾಲೇಜುಗಳು ಇದನ್ನು ಪರೀಕ್ಷಿಸಿವೆ. ಇದು ಪೂರಕ ಚಿಕಿತ್ಸೆ. ಬಾಯಿಯ ವ್ಯಾಯಾಮ, ಇತರ ಔಷಧಿ, ಕೆಲವೊಮ್ಮೆ ಶಸ್ತ್ರಚಿಕಿತ್ಸೆ ಇವುಗಳ ಜೊತೆಗೆ ಇದರ ಸ್ಥಾನ. ಎಲ್ಲಕ್ಕಿಂತ ಮೊದಲು ಅಡಿಕೆ ಜಗಿಯುವುದು ನಿಲ್ಲಬೇಕು. ಕೊಕ್ಕೋ ಅಥವಾ ಚಾಕೊಲೇಟ್ ತಿನ್ನುವುದು ಈ ಕಾಯಿಲೆಗೆ ಮದ್ದಲ್ಲ.

ವಿಷ ಮತ್ತು ಎಚ್ಚರಿಕೆ

ದಿನಕ್ಕೆ 50ರಿಂದ 100 ಗ್ರಾಂ ಕೊಕ್ಕೋ ಪುಡಿ ಸೇವಿಸಿದವರಲ್ಲಿ ಬೆವರು, ನಡುಕ, ತಲೆನೋವು ಕಂಡಿವೆ. ಅನ್ನನಾಳದ ಕೆಳಬಾಯಿ ಸಡಿಲುವುದರಿಂದ ಹುಳಿತೇಗು ಇರುವವರಿಗೆ ಚಾಕೊಲೇಟ್ ತೊಂದರೆ ಕೊಡುತ್ತದೆ.

ನಾಯಿಗಳಿಗೆ ಥಿಯೋಬ್ರೋಮಿನ್ ನಿಜವಾದ ವಿಷ. ಅವುಗಳ ಯಕೃತ್ತು ಅದನ್ನು ಒಡೆಯುವುದು ನಿಧಾನ; ಅರ್ಧ ಕರಗಲು ಸುಮಾರು 17 ಗಂಟೆ ಬೇಕು. ಪ್ರತಿ ಕಿಲೋ ಮೈತೂಕಕ್ಕೆ 20 ಮಿಲಿಗ್ರಾಂ ಸೇರಿದರೆ ವಾಂತಿ, ಭೇದಿ, ಚಡಪಡಿಕೆ. 40ರಿಂದ 50ರಲ್ಲಿ ಹೃದಯದ ಲಯ ತಪ್ಪುವುದು. 60 ದಾಟಿದರೆ ಸೆಳವು. 10 ಕಿಲೋ ತೂಕದ ನಾಯಿಗೆ ವಾಂತಿ, ಭೇದಿ ಆರಂಭವಾಗಲು 25 ಗ್ರಾಂ ಕಪ್ಪು ಚಾಕೊಲೇಟ್ ಸಾಕು. ಹಟ್ಟಿಯ ದನಗಳ ಮೇವಿನಲ್ಲಿ ಕೊಕ್ಕೋ ಬೀಜದ ಸಿಪ್ಪೆ ಬೆರೆಸುವಲ್ಲೂ ಮಿತಿ ಬೇಕು. ಐರೋಪ್ಯ ಒಕ್ಕೂಟ ಪಶು ಆಹಾರದಲ್ಲಿ ಥಿಯೋಬ್ರೋಮಿನ್‌ಗೆ ಗರಿಷ್ಠ ಮಿತಿ ನಿಗದಿ ಮಾಡಿದೆ. ಓಟದ ಕುದುರೆಗಳಲ್ಲಿ ಇದು ನಿಷಿದ್ಧ ವಸ್ತು. ಮೇವಿನಲ್ಲಿ ಕೊಕ್ಕೋ ಸಿಪ್ಪೆ ಬೆರೆತರೂ ಮೂತ್ರಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಸಂಶೋಧನೆಯ ಈಗಿನ ನೆಲೆ

ಮೇಲಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟರೆ ಒಂದು ಮಾದರಿ ಕಾಣುತ್ತದೆ. ಪ್ರಯೋಗಶಾಲೆಯಲ್ಲಿ, ಹತ್ತಾರು ಮಂದಿಯಲ್ಲಿ ಸ್ಪಷ್ಟವಾಗಿ ಕಂಡ ಪರಿಣಾಮ ನೂರಾರು ರೋಗಿಗಳಲ್ಲಿ ಮಸುಕಾಗುತ್ತದೆ. ಪರಿಣಾಮ ಬರಲು ಬೇಕಾದ 850 ಅಥವಾ 1,000 ಮಿಲಿಗ್ರಾಂ ಹಾಲಿನ ಚಾಕೊಲೇಟಿನಿಂದ ಸಿಗಬೇಕಾದರೆ ಅರ್ಧ ಕಿಲೋದಷ್ಟು ತಿನ್ನಬೇಕು; ಅದರಲ್ಲಿ ಕಾಲು ಕಿಲೋ ಸಕ್ಕರೆಯೇ ಇರುತ್ತದೆ. ಅಮೆರಿಕದ ಕಾಸ್ಮಾಸ್ ಅಧ್ಯಯನ 21,442 ಹಿರಿಯರಿಗೆ ಕೊಕ್ಕೋ ಸಾರದ ಗುಳಿಗೆ ಅಥವಾ ಹುಸಿ ಗುಳಿಗೆ ಕೊಟ್ಟು ವರ್ಷಗಟ್ಟಲೆ ಗಮನಿಸಿತು. 2022ರ ಅದರ ವರದಿಯಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವುಗಳ ಒಟ್ಟು ಸಂಖ್ಯೆ ಖಚಿತವೆನ್ನುವಷ್ಟು ಇಳಿಯಲಿಲ್ಲ. ಹೃದಯರೋಗದ ಸಾವುಗಳು ಮಾತ್ರ ಶೇ. 27ರಷ್ಟು ಕಡಿಮೆಯಾದವು. ಆ ಗುಳಿಗೆಯಲ್ಲಿ ಫ್ಲೇವನಾಲ್ ಮುಖ್ಯ, ಥಿಯೋಬ್ರೋಮಿನ್ ಅಲ್ಪ. ಯಾವುದರ ಕೊಡುಗೆ ಎಷ್ಟೆಂದು ಬಿಡಿಸುವುದು ಕಷ್ಟ. ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡ 2025ರಲ್ಲಿ ರಕ್ತದ ಥಿಯೋಬ್ರೋಮಿನ್ ಮಟ್ಟಕ್ಕೂ ನಿಧಾನವಾದ ಜೈವಿಕ ಮುಪ್ಪಿಗೂ ನಂಟು ಕಂಡಿತು. ಅದೂ ಜೊತೆಜೊತೆಗೆ ಕಂಡ ನಂಟೇ. ಕೊಕ್ಕೋ ಪ್ರಯೋಗಗಳಲ್ಲಿ ಅನೇಕಕ್ಕೆ ಹಣ ಬಂದಿರುವುದು ಚಾಕೊಲೇಟ್ ಮತ್ತು ಆಹಾರದ ಉದ್ದಿಮೆಗಳಿಂದ ಎಂಬುದೂ ಓದುಗರ ನೆನಪಿನಲ್ಲಿರಬೇಕು.

ಮಣಿಪಾಲದಲ್ಲಿ ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದರು; 1963ರಲ್ಲಿ ಔಷಧ ವಿಜ್ಞಾನದ, 1965ರಲ್ಲಿ ದಂತ ವೈದ್ಯಕೀಯದ ಕಾಲೇಜುಗಳು ಬಂದವು. ಕಾರ್ಕಳದ ತೋಟಗಳಿಂದ ಅಲ್ಲಿಗೆ ಒಂದು ಗಂಟೆಯ ದಾರಿ, ಕಾಪುವಿನಿಂದ ಅದಕ್ಕಿಂತ ಕಡಿಮೆ. ಕೊಕ್ಕೋ ಬೆಳೆಯುವ ತೋಟ, ಅಡಿಕೆ ಜಗಿದು ಬಾಯಿ ಬಿಗಿದ ರೋಗಿ, ಆ ಬಾಯಿಯನ್ನು ಅಳೆಯಬಲ್ಲ ವೈದ್ಯ ಈ ಮೂರೂ ಇಷ್ಟು ಹತ್ತಿರ ಇರುವ ಜಾಗಗಳು ಜಗತ್ತಿನಲ್ಲಿ ವಿರಳ. ಕೆಮ್ಮಿನ ಔಷಧಿಯಾಗುವ ಥಿಯೋಬ್ರೋಮಿನ್‌ನ ಪ್ರಯತ್ನ ಇಲ್ಲಿಯತನಕ ಕೈಗೂಡಿಲ್ಲ, ಕೊಲೆಸ್ಟರಾಲ್‌ನ ವಿಷಯ ತೀರ್ಮಾನವಾಗಿಲ್ಲ, ಮೂತ್ರದ ಕಲ್ಲಿನದು ಭರವಸೆಯ ಹಂತದಲ್ಲಿದೆ. ರೋಗಿಯ ಕೈಗೆ ಗುಳಿಗೆಯಾಗಿ ತಲುಪಿರುವುದು ಅದರ ಕವಲಾದ ಪೆಂಟಾಕ್ಸಿಫಿಲಿನ್.